ಟಿಬಿ ಅಲ್ಲ, ಬರೀ ಪ್ರೈಮರಿ ಕಾಂಪ್ಲೆಕ್ಸ್

ಕೆನಡಾದಲ್ಲಿ ಕಾಯಂ ಆಗಿ ನೆಲೆಸಲು ಹಾಕುವ ಅರ್ಜಿಯಲ್ಲಿ ಒಂದು ಪುಟ ಇದೆ. ಕಳೆದ ಹತ್ತು ವರ್ಷ ಏನು ಮಾಡುತ್ತಿದ್ದಿರಿ ಎಂದು ತಿಂಗಳ ಲೆಕ್ಕದಲ್ಲಿ ಬರೆಯಬೇಕು, ನಡುವೆ ಒಂದು ತಿಂಗಳೂ ಖಾಲಿ ಬಿಡುವಂತಿಲ್ಲ. ನಮ್ಮ ಮನೆಯವರ ಪುಟ ತುಂಬಿತು. ವಿಮಾನ ದುರಸ್ತಿಯ ಟೆಕ್ನಿಷಿಯನ್, ಮಸ್ಕತ್, ಈ ಹ್ಯಾಂಗರಿನಿಂದ ಆ ಹ್ಯಾಂಗರಿಗೆ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ. ನನ್ನ ಪುಟದಲ್ಲಿ ‘ಗೃಹಿಣಿ’ ಎಂದು ಬರೆದೆ. ಹತ್ತು ವರ್ಷ ಒಂದೇ ಸಾಲಿಗೆ ಮುಗಿದುಹೋಯಿತು. ಕೆಳಗೆ ಉಳಿದ ಖಾಲಿ ಜಾಗ ನೋಡಿ ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕೂತಿದ್ದೆ.

ಆ ಒಂದು ಸಾಲಿನ ಹೆಂಗಸೇ ಮೂವರ ಫೈಲುಗಳನ್ನೂ ನೋಡಿಕೊಳ್ಳುತ್ತಿದ್ದಳು. ಪೊಲೀಸ್ ಸರ್ಟಿಫಿಕೇಟು, ಮದುವೆಯ ನೋಂದಣಿ, ಮಗಳ ಜನನ ಪತ್ರ, ಇವರ ಕೆಲಸದ ಪತ್ರಗಳು, ಎಲ್ಲಕ್ಕೂ ಒಂದೊಂದು ಬಣ್ಣದ ಕವರು. ಇವರು ಹ್ಯಾಂಗರಿನಿಂದ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದರು. ‘ನೀನು ಕಾನ್ವೆಂಟಲ್ಲಿ ಓದಿದವಳು, ಇಂಗ್ಲಿಷಲ್ಲಿ ಬರೆಯೋದೆಲ್ಲ ನಿಂದೇ’ ಎಂದು ಬಿಟ್ಟಿದ್ದರು.

ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಇದ್ದೆವು. ಅಲ್ಲಿ ಎಷ್ಟು ವರ್ಷ ಇದ್ದರೂ ಅದು ನಮ್ಮ ಊರಾಗುವುದಿಲ್ಲ, ಕೆಲಸ ಮುಗಿದರೆ ವೀಸಾ ಮುಗಿಯುತ್ತದೆ. ಹಾಗಾಗಿ ಆ ಮನೆಯಲ್ಲಿ ನಾನು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕ್ಯಾಲೆಂಡರು ಹನ್ನೊಂದು ವರ್ಷವೂ ಫ್ರಿಜ್ಜಿನ ಮೇಲೆ ಒರಗಿ ನಿಂತಿತ್ತು. ಒಳ್ಳೆಯ ಪಾತ್ರೆ ಕೊಳ್ಳಲು ಹೋದಾಗಲೆಲ್ಲ ‘ಹೇಗಿದ್ರೂ ಹೋಗೋದೇ ತಾನೇ’ ಎಂದು ವಾಪಸು ಇಟ್ಟು ಬರುತ್ತಿದ್ದೆವು. ಎಲ್ಲಿಗೆ ಹೋಗುವುದು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಇವರ ಕಾಂಟ್ರ್ಯಾಕ್ಟು ಡಿಸೆಂಬರಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಕೆನಡಾ ಎಂದು ಇವರು. ವಾಪಸು ಬಂದರೆ ಗರುಡಾಚಾರ್‌ಪಾಳ್ಯದಲ್ಲಿ ನಮ್ಮದೇ ಒಂದು ಫ್ಲ್ಯಾಟು ಇತ್ತು, ಬಾಡಿಗೆಗೆ ಕೊಟ್ಟಿದ್ದೆವು. ‘ಏನಂತೀಯ?’ ಎಂದು ಇವರು ಕೇಳಿದಾಗಲೆಲ್ಲ ನಾನು ‘ನೋಡೋಣ’ ಎನ್ನುತ್ತಿದ್ದೆ.

ಮೂರು ತಿಂಗಳಲ್ಲಿ ಎಲ್ಲ ಆಗುತ್ತದೆ ಎಂದು ಇಂದಿರಾನಗರದ ವೀಸಾ ಕನ್ಸಲ್ಟೆಂಟ್ ಭರವಸೆ ಕೊಟ್ಟಿದ್ದ. ಅದನ್ನು ನಂಬಿ ಮೇ ತಿಂಗಳಲ್ಲೇ ಮಸ್ಕತ್ತಿನ ಮನೆ ಖಾಲಿ ಮಾಡಿದೆವು. ಇವರು ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ರೂಮು ಹಂಚಿಕೊಂಡರು. ಎಂಟನೇ ಕ್ಲಾಸಿಗೆ ಬಂದಿದ್ದ ಮಗಳ ಟಿಸಿ ತೆಗೆದುಕೊಂಡು, ಆರು ಸೂಟ್‌ಕೇಸಿನೊಂದಿಗೆ ನಾನು ಹಲಸೂರಿನ ಅಮ್ಮನ ಮನೆಗೆ ಬಂದೆ. ಅಲ್ಲಿ ತಮ್ಮನ ಸಂಸಾರವೂ ಇತ್ತು. ಸೂಟ್‌ಕೇಸುಗಳನ್ನು ನಡುಮನೆಯ ಗೋಡೆಗೆ ಸಾಲಾಗಿ ನಿಲ್ಲಿಸಿದೆವು. ಉಳಿದದ್ದು ಮೆಡಿಕಲ್ ಪರೀಕ್ಷೆ ಒಂದೇ.

ಇವರ ಪರೀಕ್ಷೆ ಮಸ್ಕತ್ತಿನಲ್ಲೇ ಆಯಿತು, ನನ್ನದೂ ಮಗಳದೂ ಕಂಟೋನ್ಮೆಂಟ್ ಕಡೆಯ ಒಂದು ಡಯಾಗ್ನಾಸ್ಟಿಕ್ ಸೆಂಟರಿನಲ್ಲಿ. ಮೊದಲು ಪ್ರಶ್ನಾವಳಿ ಕೊಟ್ಟರು. ಹೃದಯದ ಕಾಯಿಲೆ ಇತ್ತೇ, ಇಲ್ಲ. ಟಿಬಿ ಇತ್ತೇ, ಇಲ್ಲ. ಕೊನೆಯಲ್ಲಿ, ಮೇಲಿನದೆಲ್ಲ ಸತ್ಯ ಎಂದು ಸಹಿ. ನನ್ನ ಸಹಿ ಗುಂಡಗೆ, ಅಚ್ಚುಕಟ್ಟಾಗಿ ಬರುತ್ತದೆ. ಕಾನ್ವೆಂಟಿನ ಸಿಸ್ಟರುಗಳು ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ ಅದು.

ಎಕ್ಸ್‌ರೇ ತೆಗೆದವನು ಐದು ನಿಮಿಷದ ಮೇಲೆ ಮತ್ತೆ ಕರೆದ. ‘ಇನ್ನೊಂದು ತೆಗೀಬೇಕು ಮೇಡಂ, ಸ್ವಲ್ಪ ಹಿಂದಕ್ಕೆ ಬಾಗಿ ನಿಂತ್ಕೊಳ್ಳಿ.’ ಯಾಕೆ ಎಂದು ನಾನು ಕೇಳಲಿಲ್ಲ. ಮಗಳನ್ನು ಹಾಗೆ ಮತ್ತೆ ಕರೆಯಲಿಲ್ಲವಲ್ಲ ಎಂದು ಸಮಾಧಾನವಾಯಿತು, ಅಷ್ಟೆ.

ಡಾಕ್ಟರು ಅರವತ್ತರ ಆಸುಪಾಸಿನ ಹೆಂಗಸು. ಪರದೆಯ ಮೇಲಿದ್ದ ನನ್ನ ಎದೆಯ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದರು.

‘ಚಿಕ್ಕವರಿದ್ದಾಗ ಟಿಬಿ ಏನಾದ್ರೂ ಆಗಿತ್ತಾಮ್ಮ?’

‘ಇಲ್ಲ ಡಾಕ್ಟ್ರೇ.’

‘ಯೋಚ್ನೆ ಮಾಡಿ ಹೇಳಿ. ಬಲಗಡೆ ಮೇಲೆ ಒಂದು ಹಳೇ ಕಲೆ ಇದೆ. ಸುಣ್ಣ ಕಟ್ಟಿದ ಚುಕ್ಕೆ ಥರ.’

‘ಟಿಬಿಗಿಬಿ ಏನೂ ಇರ್ಲಿಲ್ಲ. ಆರು ವರ್ಷದವಳಿದ್ದಾಗ ಪ್ರೈಮರಿ ಕಾಂಪ್ಲೆಕ್ಸ್ ಅಂತ ಒಂದಿತ್ತು. ಅಷ್ಟೆ.’

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ‘ಮಾವಿನಹಣ್ಣು ತಿಂದಿಲ್ಲ, ಬರೀ ರಸಪುರಿ ತಿಂದಿದ್ದೀನಿ ಅಂದ ಹಾಗಾಯ್ತಲ್ಲಮ್ಮ!’

ನಾನು ನಕ್ಕೆ. ಆಮೇಲೆ ಅವರು ನಗುತ್ತಿಲ್ಲ ಎಂದು ಗೊತ್ತಾಯಿತು.

‘ಎಷ್ಟು ತಿಂಗಳು ಔಷಧಿ ಕುಡಿದ್ರಿ?’

‘ಒಂಬತ್ತು ತಿಂಗಳು ಇರ್ಬೇಕು. ಬೆಳಿಗ್ಗೆ ಬರೀ ಹೊಟ್ಟೇಲಿ ಕೆಂಪು ಸಿರಪ್ಪು.’

‘ಬಾತ್‌ರೂಮಿಗೆ ಹೋದ್ರೆ ಕೆಂಪಗೆ ಹೋಗ್ತಿತ್ತಾ?’

ಹೋಗುತ್ತಿತ್ತು. ಅಮ್ಮ ಅದು ಕ್ಯಾರೆಟ್ಟಿನ ಬಣ್ಣ ಎಂದಿದ್ದಳು. ಮೂವತ್ತೈದು ವರ್ಷ ನಾನು ಅದನ್ನು ಕ್ಯಾರೆಟ್ಟು ಎಂದೇ ನಂಬಿದ್ದೆ.

‘ಅದು ಟಿಬಿ ಔಷಧಿಯ ಬಣ್ಣ. ಮಕ್ಕಳಿಗೆ ಮೊದಲನೇ ಸಲ ತಗುಲೋ ಟಿಬಿಗೇ ಆ ಹೆಸರು,’ ಎಂದರು ಡಾಕ್ಟರು. ‘ನಮ್ಮ ಡಾಕ್ಟ್ರುಗಳೂ ಹಾಗೇ ಹೇಳಿ ಕಳಿಸೋರು. ಟಿಬಿ ಅಂದ್ರೆ ತಾಯಂದಿರು ಅಲ್ಲೇ ಕುಸಿದು ಕೂರೋರು. ಇವತ್ತಿಗೂ ಈ ಕುರ್ಚೀಲಿ ಕೂತು ನಿಮ್ಮ ಥರಾನೇ ಹೇಳೋರು ಬರ್ತಾನೇ ಇರ್ತಾರೆ. ಕಾಯಿಲೆ ಬಂದಿದ್ದು ತಪ್ಪಲ್ಲ. ಬಂದಿಲ್ಲ ಅಂತ ಸೈನ್ ಹಾಕಿದ್ರಲ್ಲ, ಅದು ತೊಂದ್ರೆ.’

ಟಿಕ್ ಮಾಡಿದ್ದನ್ನು ಅವರು ಅಳಿಸುವಂತಿರಲಿಲ್ಲ. ನಾನು ಬರೆದದ್ದನ್ನೂ ಹೇಳಿದ್ದನ್ನೂ ಎರಡನ್ನೂ ಕಳಿಸಲೇಬೇಕು ಎಂದರು. ಮುಂದಿನ ಹಾದಿಯನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಸತತ ಮೂರು ಬೆಳಿಗ್ಗೆ ಕಫದ ಮಾದರಿ. ಅದರಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ಎಂದು ನೋಡಲು ಎಂಟು ವಾರ. ಮೂರು ತಿಂಗಳ ಮೇಲೆ ಇನ್ನೊಂದು ಎಕ್ಸ್‌ರೇ. ಸಾಧ್ಯವಾದರೆ ಹಳೆಯ ಚಿಕಿತ್ಸೆಯ ದಾಖಲೆ. ಇಷ್ಟರ ಜೊತೆ, ಯಾಕೆ ‘ಇಲ್ಲ’ ಎಂದಿರಿ ಎಂದು ಕೆನಡಾ ಕೇಳುತ್ತದೆ, ಅದಕ್ಕೆ ಉತ್ತರ. ಆ ಉತ್ತರ ಅವರಿಗೆ ಸುಳ್ಳು ಎನ್ನಿಸಿದರೆ ಮೂವರ ಅರ್ಜಿಯೂ ಬಿದ್ದುಹೋಗುತ್ತದೆ. ಕೆಲವು ವರ್ಷ ಮತ್ತೆ ಹಾಕುವ ಹಾಗೂ ಇಲ್ಲ.

ಮನೆಗೆ ಬಂದಾಗ ಅಮ್ಮ ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

‘ಅಮ್ಮ, ನಂಗೆ ಟಿಬಿ ಆಗಿತ್ತಾ?’

ಕೈ ನಿಂತಿತು. ‘ಬಿಡ್ತು ಅನ್ನು! ಯಾರೇ ಹೇಳಿದ್ದು?’

‘ಎಕ್ಸ್‌ರೇ ಹೇಳ್ತಿದೆ.’

‘ಎಕ್ಸ್‌ರೇಗೇನು ಗೊತ್ತು? ಟಿಬಿ ಅಲ್ಲ ಕಣೇ, ಬರೀ ಪ್ರೈಮರಿ ಕಾಂಪ್ಲೆಕ್ಸು. ಆಗ ನಮ್ಮ ಬೀದೀಲಿ ಅರ್ಧ ಮಕ್ಕಳಿಗಿತ್ತು.’

‘ಎರಡೂ ಒಂದೇ ಅಂತೆ ಅಮ್ಮ.’

‘ಒಂದೇ ಆಗಿದ್ರೆ ಎರಡು ಹೆಸರು ಯಾಕೆ ಇಡ್ತಿದ್ರು?’

ಅಮ್ಮ ಸೊಸೆಗೆ ಕೇಳಿಸದ ಹಾಗೆ ಹತ್ತಿರ ಸರಿದಳು. ‘ನಿಮ್ಮ ಯಜಮಾನ್ರಿಗೆ ಹೇಳ್ಬಿಟ್ಟೆಯಾ?’ ನನಗೆ ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಅಮ್ಮನ ಮುಖದಲ್ಲಿ ಮಾತ್ರ ಇನ್ನೂ ಹೆಣ್ಣು ನೋಡಲು ಬಂದವರು ಹೊರಗೆ ಕೂತಿರುವಂಥ ಗಾಬರಿ.

ಇವರಿಗೆ ಫೋನಿನಲ್ಲಿ ಹೇಳಿದೆ. ‘ನಿಂಗೆ ಗೊತ್ತಿತ್ತಾ?’ ಎಂದು ಒಂದೇ ಸಲ ಕೇಳಿದರು. ಗೊತ್ತಿತ್ತು, ಆದರೆ ಹೆಸರು ಗೊತ್ತಿರಲಿಲ್ಲ ಎಂದೆ. ‘ಈಗ ಉಸಿರಾಟ ಚೆನ್ನಾಗಿದೆ ತಾನೇ?’ ಎಂದರು. ಚೆನ್ನಾಗಿದೆ. ಆ ರೂಮಿನಲ್ಲಿ ಯಾರೋ ಟಿವಿ ಹಾಕಿಕೊಂಡಿದ್ದು ಕೇಳಿಸುತ್ತಿತ್ತು.

ಕನ್ಸಲ್ಟೆಂಟಿನ ಆಫೀಸು ನೂರಡಿ ರಸ್ತೆಯ ಒಳಗಿನ ಒಂದು ಹಳೆಯ ಬಂಗಲೆ. ಅವನ ಕೋಣೆ ಒಂದು ಕಾಲದ ಅಡುಗೆಮನೆ. ಒಲೆ ಇರುತ್ತಿದ್ದ ಕಡಪ ಕಲ್ಲಿನ ಕಟ್ಟೆಯ ಮೇಲೆ ಪ್ರಿಂಟರು ಕೂತಿತ್ತು, ಹೊಗೆ ಹೋಗುವ ಕಿಂಡಿಯಲ್ಲಿ ಎಸಿಯ ಪೈಪು. ಯಾರೋ ಗೃಹಿಣಿ ಇಲ್ಲಿ ನಿಂತು ಎಷ್ಟು ವರ್ಷ ಸಾರು ಕುದಿಸಿದ್ದಳೋ ಎಂದು ನನ್ನ ಲಕ್ಷ್ಯ ಅತ್ತಲೇ ಹೋಗುತ್ತಿತ್ತು.

‘ಸಿಂಪಲ್ ಮೇಡಂ,’ ಎಂದ. ‘ಚಿಕ್ಕ ವಯಸ್ಸು, ಏನೂ ನೆನಪಿಲ್ಲ ಅಂತ ಹಾಕ್ಬಿಡೋಣ. ಬ್ರಾಂಕೈಟಿಸ್ ಅಂದ್ಕೊಂಡಿದ್ದೆ ಅನ್ನೋಣ. ಪ್ರೂವ್ ಮಾಡೋಕೆ ಅವರ ಕೈಲೂ ಆಗಲ್ಲ.’

‘ನಂಗೆ ನೆನಪಿದೆಯಲ್ಲ.’

‘ನೆನಪು ನಿಮ್ಮ ತಲೇಲಿ ಇರುತ್ತೆ ಮೇಡಂ. ಫೈಲಲ್ಲಿ ಇರಲ್ಲ.’

ನಾನು ‘ನೋಡೋಣ’ ಎಂದು ಎದ್ದು ಬಂದೆ. ಮರುದಿನವೇ ಅವನು ಆ ಸುಳ್ಳಿನ ಪತ್ರವನ್ನು ಟೈಪು ಮಾಡಿ, ಸಹಿಗೆ ಜಾಗ ಬಿಟ್ಟು ಕಳಿಸಿಯೇಬಿಟ್ಟ.

ಕಫದ ಕೆಲಸ ಜುಲೈ ಮೊದಲ ವಾರ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಬರೀ ಹೊಟ್ಟೆಯಲ್ಲಿ, ಹಲ್ಲು ಉಜ್ಜದೆ, ನೀರಿನಲ್ಲಿ ಬಾಯಿ ಮುಕ್ಕಳಿಸಿ. ಸೆಂಟರಿನ ಹಿಂದೆ, ಗಾಳಿ ಆಡುವ ಕಡೆ, ಮೂರು ಬದಿ ಮರೆ ಮಾಡಿದ ಒಂದು ಗೂಡು. ಹೊರಗೆ ಮಾಸ್ಕ್ ಹಾಕಿಕೊಂಡ ಲ್ಯಾಬ್ ಟೆಕ್ನಿಷಿಯನ್, ನನ್ನ ವಯಸ್ಸಿನವಳೇ. ನಾನು ಕೆಮ್ಮುವುದನ್ನು ಅವಳು ನೋಡುತ್ತಿರಬೇಕು, ಬೇರೆ ಯಾರದೋ ಮಾದರಿ ತುಂಬಿಕೊಡದ ಹಾಗೆ. ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ನನ್ನ ಹೆಸರು. ಮುಚ್ಚಳ ಅದಲು ಬದಲಾಗಬಹುದಂತೆ.

ಉಗುಳುವುದು ನನಗೆ ಬರುವುದಿಲ್ಲ ಎಂದು ಗೊತ್ತಾದದ್ದು ಅಲ್ಲಿ. ಕಾನ್ವೆಂಟಿನಲ್ಲಿ ಜೋರಾಗಿ ಸೀನಿದರೂ ಸಿಸ್ಟರ್ ಹುಬ್ಬೇರಿಸುತ್ತಿದ್ದರು. ಕೆಮ್ಮು ಬಂದರೆ ಕರ್ಚೀಫು, ಶಬ್ದ ಮಾಡದ ಹಾಗೆ. ನಾನು ಡಬ್ಬಿಯೊಳಗೆ ಮೆಲ್ಲಗೆ, ಮರ್ಯಾದೆಯಿಂದ ಕೆಮ್ಮಿದೆ.

ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದಳು. ‘ಮೇಡಂ, ಇದು ಎಂಜಲು. ನಂಗೆ ಕಫ ಬೇಕು.’

‘ಅಷ್ಟೇ ಬರೋದು.’

‘ಬಾಯಿಂದಲ್ಲ ಮೇಡಂ, ಒಳಗಿಂದ ಬರ್ಬೇಕು. ಹೊಟ್ಟೆ ಹಿಡ್ಕೊಂಡು ಕೆಮ್ಮಿ.’

ಮೊದಲ ಎರಡು ದಿನದ್ದನ್ನೂ ಲ್ಯಾಬು ‘ಎಂಜಲು’ ಎಂದು ವಾಪಸು ಕಳಿಸಿತು. ಮೂರು ದಿನ ಸತತವಾಗಿರಬೇಕಾದ್ದರಿಂದ ಲೆಕ್ಕ ಮತ್ತೆ ಒಂದರಿಂದ. ಎಂಟು ವಾರದ ಎಣಿಕೆಯೂ ಅಷ್ಟು ಮುಂದಕ್ಕೆ ಹೋಯಿತು. ಹಿಂತಿರುಗುವಾಗ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ತಾತ ಎಷ್ಟು ಲೀಲಾಜಾಲವಾಗಿ ಕ್ಯಾಕರಿಸಿ ಉಗುಳಿದ ಎಂದರೆ, ಜೀವನದಲ್ಲಿ ಮೊದಲ ಸಲ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಮುಂದಿನ ವಾರ ಉಪ್ಪುನೀರಿನ ಹಬೆ ಕೊಟ್ಟರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಹದಿನೈದು ನಿಮಿಷ ಎಳೆದುಕೊಳ್ಳಬೇಕು. ಕಣ್ಣಲ್ಲಿ ನೀರು ಬಂತು, ಕಫ ಬರಲಿಲ್ಲ. ಅವಳು ಪಾಪ, ಗೂಡಿನ ಹೊರಗೆ ನಿಂತು ಹುರಿದುಂಬಿಸುತ್ತಿದ್ದಳು.

‘ಯಾರ ಮೇಲಾದ್ರೂ ಕೋಪ ಇದ್ರೆ ನೆನೆಸ್ಕೊಂಡು ಕೆಮ್ಮಿ ಮೇಡಂ. ಸೂಪರಾಗ್ ಬರುತ್ತೆ.’

‘ಯಾರ ಮೇಲೂ ಇಲ್ಲ.’

‘ಮದುವೆ ಆಗಿದೆ ಅಲ್ವಾ?’

ನಗು ಬಂತು. ನಗುವಿನ ಜೊತೆ ಎದೆಯ ತಳದಿಂದ ಏನೋ ಕಿತ್ತುಕೊಂಡು ಬಂತು. ‘ಅದೇ! ಅದೇ ಬೇಕಾಗಿದ್ದು!’ ಎಂದು ಅವಳು ಕೂಗಿದ ಕೂಗಿಗೆ ಕಾಂಪೌಂಡಿನ ಆಚೆ ಯಾರೋ ತಿರುಗಿ ನೋಡಿದರು. ಆ ವಾರ ಮೂರೂ ಡಬ್ಬಿ ಪಾಸಾದವು.

ಹಳೆಯ ದಾಖಲೆ ಹುಡುಕುವುದು ಇನ್ನೊಂದು ಕೆಲಸ. ನನಗೆ ಔಷಧಿ ಕೊಟ್ಟ ಮಕ್ಕಳ ಡಾಕ್ಟರು ತೀರಿಕೊಂಡು ಬಹಳ ವರ್ಷವಾಗಿತ್ತು. ಶಿವಾಜಿನಗರದಲ್ಲಿ ಅವರ ಕ್ಲಿನಿಕ್ ಇದ್ದ ಜಾಗದಲ್ಲಿ ಕನ್ನಡಕದ ಅಂಗಡಿ. ಅಂಗಡಿಯವರು ಕೂರಿಸಿ ಟೀ ಕೊಟ್ಟರು, ಡಾಕ್ಟರ ಮಕ್ಕಳು ಎಲ್ಲಿದ್ದಾರೋ ತಿಳಿಯದು ಎಂದರು.

ಈ ನಡುವೆ ಮಗಳಿಗೆ ಸ್ಕೂಲಿಲ್ಲ. ಮೂರು ತಿಂಗಳಿಗೆಂದು ಬಂದವಳು, ಈಗ ಎಷ್ಟು ತಿಂಗಳೋ. ನಾನು ಓದಿದ ಕಾನ್ವೆಂಟಿಗೇ ಹೋಗಿ, ಪೇಪರು ಬರುವವರೆಗೆ ಕ್ಲಾಸಿನಲ್ಲಿ ಕೂರಿಸಿಕೊಳ್ಳಿ ಎಂದು ಕೇಳಿದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನಗಿಂತ ಚಿಕ್ಕವರು, ಮಂಗಳೂರು ಕಡೆಯ ಕನ್ನಡ.

‘ಎಷ್ಟು ವಾರ ಆಗ್ಬಹುದು?’

‘ಗೊತ್ತಿಲ್ಲ ಸಿಸ್ಟರ್.’

ಯಾಕೆ ಗೊತ್ತಿಲ್ಲ ಎಂದು ವಿವರಿಸುವಾಗ ಎಲ್ಲ ಹೇಳಬೇಕಾಯಿತು. ಅವರು ಕೇಳಿಸಿಕೊಂಡು, ‘ನಿಮ್ಮ ಕಾಲದ ಹೆಲ್ತ್ ರಿಜಿಸ್ಟರ್ ಇರಬೇಕಲ್ಲ,’ ಎಂದರು. ‘ನಾವು ಯಾವುದನ್ನೂ ಬಿಸಾಡುವುದಿಲ್ಲ. ಅದೊಂದು ನಮ್ಮ ಕಾಯಿಲೆ.’

ಮಗಳು ಮರುದಿನದಿಂದಲೇ ಕ್ಲಾಸಿನಲ್ಲಿ ಕೂತಳು, ನಾನು ಸ್ಕೂಲಿನ ಸ್ಟೋರ್ ರೂಮಿನಲ್ಲಿ ಎರಡು ಮಧ್ಯಾಹ್ನ ಹುಡುಕಿದೆ. ಸ್ಪೋರ್ಟ್ಸ್ ಡೇಯ ಬಣ್ಣದ ಬಾವುಟಗಳು, ಮುರಿದ ಗ್ಲೋಬು, ಕ್ರಿಸ್‌ಮಸ್ ನಾಟಕದ ದೇವದೂತರ ರೆಕ್ಕೆಗಳು, ಅವುಗಳ ಕೆಳಗೆ ಬಟ್ಟೆಯ ಬೈಂಡಿನ ರಿಜಿಸ್ಟರುಗಳ ಕಟ್ಟು. ಎರಡನೆಯ ದಿನ ಸಂಜೆ ಬೆಲ್ಲಿಗೆ ಮುಂಚೆ ನನ್ನ ಹೆಸರು ಸಿಕ್ಕಿತು. ಎತ್ತರ, ತೂಕ, ಆಮೇಲೆ ಇಂಗ್ಲಿಷಿನಲ್ಲಿ, ನನ್ನದೇ ಅಕ್ಷರದ ತಾಯಿಯಂಥ ಅಕ್ಷರದಲ್ಲಿ, ಅಂದಿನ ಸಿಸ್ಟರ್ ಬರೆದದ್ದು. ಟಿಬಿ, ಪ್ರೈಮರಿ. ಚಿಕಿತ್ಸೆಯಲ್ಲಿದ್ದಾಳೆ. ಬೇರೆ ಮಕ್ಕಳಿಗೆ ಅಪಾಯವಿಲ್ಲ, ಡಾಕ್ಟರ ಚೀಟಿ ನೋಡಿದ್ದೇನೆ. ಹತ್ತೂವರೆಗೆ ಹಾಲು. ಡ್ರಿಲ್ ಬೇಡ. ಯಾರಿಗೂ ಹೇಳಬಾರದೆಂದು ತಾಯಿ ಕೇಳಿಕೊಂಡಿದ್ದಾರೆ.

ಅದರ ಕೆಳಗೆ ಒಂಬತ್ತು ತಿಂಗಳ ತೂಕ, ತಿಂಗಳಿಗೊಂದು ಸಾಲು. ಕೊನೆಯಲ್ಲಿ, ಚಿಕಿತ್ಸೆ ಮುಗಿದಿದೆ, ದೇವರಿಗೆ ಸ್ತೋತ್ರ.

ಆ ಹಾಲು ನನಗೆ ನೆನಪಿತ್ತು. ದಿನಾ ಹತ್ತೂವರೆಗೆ ಸಿಸ್ಟರ್ ನನ್ನೊಬ್ಬಳನ್ನೇ ಅತಿಥಿಗಳು ಕೂರುವ ಪಾರ್ಲರಿನ ಪರದೆಯ ಹಿಂದೆ ಕರೆದು, ಸ್ಟೀಲ್ ಲೋಟದಲ್ಲಿ ಬಿಸಿ ಹಾಲು ಕುಡಿಸುತ್ತಿದ್ದರು. ನಾನು ಅವರ ಮುದ್ದಿನ ಹುಡುಗಿ ಅಂದುಕೊಂಡಿದ್ದೆ. ಮಗಳಿಗೂ ಆ ಕಥೆ ಎಷ್ಟು ಸಲ ಹೇಳಿದ್ದೆನೋ.

ರಿಜಿಸ್ಟರಿನ ಪುಟದ ಫೋಟೋವನ್ನು ಅಮ್ಮನಿಗೆ ತೋರಿಸಿದೆ.

‘ಸಿಸ್ಟರಿಗೆ ಮಾತ್ರ ನಿಜ ಹೇಳಿದ್ದೆ ನೀನು.’

ಅಮ್ಮ ಕನ್ನಡಕ ಹಾಕಿಕೊಳ್ಳದೆಯೇ ನೋಡಿದಳು. ‘ಹೇಳ್ದೆ ಇರೋಕಾಗುತ್ತಾ? ನಿನ್ನ ಪಕ್ಕ ನಲವತ್ತು ಮಕ್ಕಳು ಕೂರ್ತಿದ್ರು. ಅವರನ್ನೂ ಯಾರೋ ಹೆತ್ತಿರ್ತಾರಲ್ಲ.’

‘ಹೆಸರು ಗೊತ್ತಿತ್ತು ಹಾಗಾದ್ರೆ. ನಂಗ್ಯಾಕೆ ಹೇಳ್ಲಿಲ್ಲ?’

‘ನಿಂಗೆ ಹೇಳಿದ್ರೆ ನೀನು ಕೇಳಿದೋರಿಗೆಲ್ಲ ನಿಜ ಹೇಳ್ಬಿಡ್ತಿದ್ದೆ. ಕಾನ್ವೆಂಟಿಗೆ ಹಾಕಿದ್ದೆನಲ್ಲ!’

ಸೆರಗಿನ ತುದಿಯಲ್ಲಿ ಫೋನಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆ ಕೆಂಪು ಸಿರಪ್ಪನ್ನೂ ಅದರ ಹಿಂದೆ ರಾಗಿ ಗಂಜಿಯನ್ನೂ ಒಂಬತ್ತು ತಿಂಗಳು ಬೆಳಿಗ್ಗೆ ನನ್ನ ಮೂಗು ಹಿಡಿದು ಕುಡಿಸಿದ ಕೈ ಅದೇ. ಆ ಗುಟ್ಟನ್ನು ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದಾಳೆ. ಅಪ್ಪನಿಗಾದರೂ ಹೇಳಿದ್ದಳೋ ಇಲ್ಲವೋ, ಕೇಳೋಣವೆಂದರೆ ಅಪ್ಪ ಈಗ ಇಲ್ಲ.

ಅದೇ ವಾರ ಕೆನಡಾದಿಂದ ಪ್ರಶ್ನೆ ಬಂತು. ಮೂವತ್ತು ದಿನದಲ್ಲಿ ಉತ್ತರಿಸಬೇಕು. ಕನ್ಸಲ್ಟೆಂಟಿನ ಪತ್ರವನ್ನು ಪಕ್ಕಕ್ಕಿಟ್ಟು ನಾನೇ ಬರೆದೆ. ಮೂರು ಸಲ ಹರಿದು ಬರೆದೆ. ನನಗೆ ಆರನೆಯ ವಯಸ್ಸಿನಲ್ಲಿ ಟಿಬಿ ಆಗಿತ್ತು. ನಮ್ಮಲ್ಲಿ ಅದನ್ನು ಪ್ರೈಮರಿ ಕಾಂಪ್ಲೆಕ್ಸ್ ಎನ್ನುತ್ತಾರೆ, ಯಾಕೆಂದರೆ ಟಿಬಿ ಎಂದರೆ ಆ ಮನೆಯ ಹೆಣ್ಣನ್ನು ಯಾರೂ ತರುವುದಿಲ್ಲ. ನನಗೆ ಔಷಧಿ ನೆನಪಿದೆ, ಹೆಸರು ತಿಳಿದಿರಲಿಲ್ಲ. ಸಾಕ್ಷಿಗೆ ರಿಜಿಸ್ಟರಿನ ಪುಟ, ಸಿಸ್ಟರ ಸಹಿ ಮೊಹರಿನೊಂದಿಗೆ.

‘ರಿಸ್ಕು ಮೇಡಂ,’ ಎಂದ ಕನ್ಸಲ್ಟೆಂಟ್. ‘ನೀವೇ ಒಪ್ಕೊಂಡ ಹಾಗಾಗುತ್ತೆ.’

‘ಒಪ್ಕೊಳ್ತಾನೇ ಇದ್ದೀನಿ.’

ಇವರಿಗೂ ಓದಿ ಹೇಳಿದೆ. ‘ನಿಂಗೆ ಸರಿ ಅನ್ಸಿದ್ದು ಮಾಡು,’ ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಹ್ಯಾಂಗರಿನಲ್ಲಿ ಒಂದು ತಿರುಪು ಕಾಣೆಯಾದರೂ ವಿಮಾನ ಹಾರಲು ಬಿಡುವುದಿಲ್ಲವಂತೆ, ಸಿಗುವವರೆಗೂ ಹುಡುಕುತ್ತಾರಂತೆ. ಅಂಥ ಕೆಲಸದವರಿಗೆ ನನ್ನ ಪತ್ರ ಅರ್ಥವಾಗಿರಬೇಕು.

ಪತ್ರ ಕಳಿಸಿದ ಮೇಲೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಸೂಟ್‌ಕೇಸುಗಳ ಮೇಲೆ ಒಗೆದ ಬಟ್ಟೆ ಮಡಿಚಿಡುವುದು ರೂಢಿಯಾಯಿತು. ಚಳಿಗೆಂದು ಕೊಂಡ ಮೂರು ದಪ್ಪ ಜಾ‌ಕೆಟ್ಟುಗಳನ್ನು ಅಮ್ಮ ನ್ಯಾಫ್ತಲಿನ್ ಗುಳಿಗೆ ಹಾಕಿ ಗಂಟು ಕಟ್ಟಿದಳು. ಮಗಳು ಸ್ಕೂಲಿನಿಂದ ಬಂದು ದಿನಾ ಒಂದು ದೂರು ಹೇಳುತ್ತಿದ್ದಳು. ಅವಳ ಕನ್ನಡ ಕೇಳಿ ನಗುತ್ತಾರಂತೆ, ಟಾಯ್ಲೆಟ್ಟಿನ ಚಿಲಕ ಸರಿಯಿಲ್ಲವಂತೆ. ‘ಕೆನಡಾದಲ್ಲಿ ನಂಗೆ ಸ್ವಂತ ರೂಮು ಅಂತ ಅಪ್ಪ ಹೇಳಿದಾರೆ. ಯಾವಾಗಮ್ಮ?’ ನಾನು ‘ನೋಡೋಣ’ ಎನ್ನುತ್ತಿದ್ದೆ.

ಕಫ ಕೊಟ್ಟ ಮೇಲಿನ ಆರನೆಯ ವಾರವೋ ಏಳನೆಯದೋ, ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಾ ನಿಂತಿದ್ದಾಗ ನನ್ನ ಮನಸ್ಸು ಏನು ಬೇಡುತ್ತಿದೆ ಎಂದು ನನಗೇ ಕೇಳಿಸಿತು. ಲ್ಯಾಬಿನಲ್ಲಿಟ್ಟ ನನ್ನ ಕಫದಲ್ಲಿ ಏನಾದರೂ ಬೆಳೆಯಲಿ. ಬೆಳೆದರೆ ಅರ್ಜಿ ನಿಲ್ಲುತ್ತದೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಪಾಪ, ಅವಳಿಗೆ ಆರೋಗ್ಯ ಸರಿಯಿರಲಿಲ್ಲ, ಅದಕ್ಕೇ ಹೋಗಲಾಗಲಿಲ್ಲ ಎಂದು ಮುಗಿಯುತ್ತದೆ.

ಹಾಲು ಉಕ್ಕಿತು. ಒಲೆ ಒರೆಸುತ್ತಾ ನನಗೆ ನಿಜವಾಗಿ ನಾಚಿಕೆಯಾಯಿತು. ಬೇಡ ಎಂಬ ಒಂದು ಮಾತು ಆಡುವ ಬದಲು ಕಾಯಿಲೆಯನ್ನೇ ಬೇಡಿಕೊಳ್ಳುತ್ತಿದ್ದೆ. ನನಗೆ ಕೆನಡಾದ ಮೇಲೆ ದ್ವೇಷವೇನಿಲ್ಲ. ಚೆನ್ನಾಗಿಯೇ ಇರಬಹುದು. ಆದರೆ ಮತ್ತೊಂದು ಹೊಸ ಊರಿನಲ್ಲಿ ತರಕಾರಿ ಎಲ್ಲಿ, ಡಾಕ್ಟರು ಎಲ್ಲಿ, ಯಾರ ಮನೆಗೆ ಹೇಳದೆ ಹೋಗಬಹುದು ಎಂದು ಮೊದಲಿಂದ ಕಲಿಯುವ ಕೆಲಸ ನನ್ನ ಪಾಲಿನದು, ಅದಕ್ಕೆ ಬೇಕಾದ ಶಕ್ತಿ ನನ್ನಲ್ಲಿ ಮುಗಿದಿತ್ತು. ಮಸ್ಕತ್ತಿನಲ್ಲೇ ಮುಗಿದಿತ್ತೋ ಏನೋ.

ಸೆಪ್ಟೆಂಬರಿನಲ್ಲಿ ವರದಿ ಬಂತು. ಮೂರು ಮಾದರಿಯಲ್ಲೂ ಏನೂ ಬೆಳೆದಿಲ್ಲ. ಎರಡನೆಯ ಎಕ್ಸ್‌ರೇಯಲ್ಲಿ ಕಲೆ ಇದ್ದಲ್ಲೇ ಇದೆ, ಇದ್ದ ಹಾಗೇ ಇದೆ. ಡಾಕ್ಟರು ಕೈ ಕುಲುಕಿ, ‘ರಸಪುರಿ ವಾಸಿಯಾಗಿದೆ, ಹೋಗಿ’ ಎಂದರು. ಅಕ್ಟೋಬರಿನಲ್ಲಿ ಕೆನಡಾದ ಮೇಲ್ ಬಂತು. ನನ್ನ ವಿವರಣೆಯನ್ನು ಒಪ್ಪಿದ್ದಾರೆ. ಮೂವರ ಪಾಸ್‌ಪೋರ್ಟುಗಳನ್ನು ಮೂವತ್ತು ದಿನದೊಳಗೆ ಕಳಿಸಬೇಕು.

ಅದೇ ಶುಕ್ರವಾರ, ಇವರ ರಜಾದಿನ, ಬೆಳಿಗ್ಗೆ ಹತ್ತಕ್ಕೆ ಫೋನು ಮಾಡಿದೆ. ತಾರಸಿಗೆ ಹೋಗಿ ಮಾಡಿದೆ. ಇವರು ಆಗಲೇ ಮೇಲ್ ನೋಡಿದ್ದರು. ‘ನಿನ್ನ ಪತ್ರಾನೇ ಗೆಲ್ಲಿಸಿತು ಕಣೆ,’ ಎಂದರು. ಅಷ್ಟು ಸಂತೋಷದ ದನಿ ಕೇಳಿ ಬಹಳ ದಿನವಾಗಿತ್ತು. ಸುಮ್ಮನೆ ಬಿಡೋಣವೇ ಎನ್ನಿಸಿತು. ಹೊಟ್ಟೆ ಹಿಡಿದುಕೊಂಡೆ.

‘ರೀ, ನಂಗೆ ಹೋಗೋಕೆ ಇಷ್ಟ ಇಲ್ಲ.’

ಆ ಕಡೆ ಕುಕ್ಕರು ಎರಡು ಸಲ ಕೂಗಿತು.

‘ಚಳಿಗೆ ಹೆದರಿದ್ಯಾ?’

‘ಚಳಿ ಅಲ್ಲ. ಸುಸ್ತಾಗಿದೆ. ಇನ್ನೊಂದು ಊರು ನನ್ನ ಕೈಲಾಗಲ್ಲ.’

‘ಹನ್ನೊಂದು ವರ್ಷದಿಂದ ಕೇಳ್ತಿದ್ದೀನಿ. ಒಂದು ಸಲಾನಾದ್ರೂ ಬೇಡ ಅಂದ್ಯಾ?’

‘ನೋಡೋಣ ಅಂತಿದ್ದೆ.’

‘ನೋಡೋಣ ಅಂದ್ರೆ ನೋಡೋಣ ಅಂತ ಅಲ್ವೇನೆ?’

‘ನಮ್ಮನೇಲಿ ನೋಡೋಣ ಅಂದ್ರೆ ಬೇಡ ಅಂತ.’

‘ನಿಮ್ಮನೇಲಿ ಯಾವುದಕ್ಕೆ ಸರಿಯಾದ ಹೆಸರಿದೆ ಹೇಳು!’

ಅದು ಚುಚ್ಚಲೆಂದೇ ಆಡಿದ ಮಾತು. ಚುಚ್ಚಿತು ಕೂಡ. ಆದರೂ ನನಗೆ ನಗು ಬಂತು, ತಡೆಯಲಾಗಲಿಲ್ಲ. ಇವರು ನಗಲಿಲ್ಲ.

‘ನಲವತ್ತೇಳು ವರ್ಷ ನಂಗೆ,’ ಎಂದರು. ‘ಬೆಂಗಳೂರಲ್ಲಿ ಯಾರು ಕೆಲಸ ಕೊಡ್ತಾರೆ? ಇಪ್ಪತ್ತೈದರ ಹುಡುಗ್ರು ಸಾಲು ನಿಂತಿದ್ದಾರೆ. ಮಗಳಿಗೇನು ಹೇಳೋದು?’

‘ಅವಳಿಗೆ ನಾನು ಹೇಳ್ತೀನಿ. ನನ್ನ ಹೆಸರಲ್ಲೇ ಹೇಳ್ತೀನಿ, ಅಮ್ಮನಿಗೆ ಇಷ್ಟ ಇರ್ಲಿಲ್ಲ ಅಂತ.’

ಇವರು ಹೋಗಿ ಒಲೆ ಆರಿಸಿದ್ದು ಕೇಳಿಸಿತು. ಆಮೇಲೆ, ‘ಸರಿ, ನೋಡೋಣ.’

‘ರೀ, ದಯವಿಟ್ಟು ನೋಡೋಣ ಅನ್ಬೇಡಿ.’

‘ನಮ್ಮನೇಲಿ ನೋಡೋಣ ಅಂದ್ರೆ ನೋಡೋಣ ಅಂತಾನೇ ಕಣೆ,’ ಎಂದರು. ‘ಎರಡು ದಿನ ಕೊಡು.’

ಮೂರು ದಿನ ತೆಗೆದುಕೊಂಡರು. ಆ ಮೂರು ದಿನ ನನ್ನ, ಮಗಳ ಪಾಸ್‌ಪೋರ್ಟುಗಳ ಕವರನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೆ. ಇವರು ಕಳಿಸು ಎಂದರೆ ಅವತ್ತೇ ಕಳಿಸುವುದೆಂದು ತೀರ್ಮಾನ ಮಾಡಿದ್ದೆ. ನನ್ನ ಮಾತು ಹೇಳಿಯಾಗಿತ್ತು, ಇನ್ನು ಹಟ ಮಾಡಲು ಮನಸ್ಸಿರಲಿಲ್ಲ. ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ ಫೋನು ಮಾಡಿದರು. ‘ಪಾಸ್‌ಪೋರ್ಟ್ ಕಳಿಸ್ಬೇಡ,’ ಎಂದರು. ಬೇರೇನೂ ಹೇಳಲಿಲ್ಲ, ಬಸ್ಸು ಬಂತೆಂದು ಇಟ್ಟರು.

ಡಿಸೆಂಬರಿನಲ್ಲಿ ಬಂದರು, ಬಾಡಿಗೆಯವರನ್ನು ಬಿಡಿಸಿ ಫ್ಲ್ಯಾಟಿಗೆ ಬಂದೆವು. ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಈಗ ಗರುಡಾಚಾರ್‌ಪಾಳ್ಯದ ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು ನೋಡುತ್ತಾರೆ. ಇಡೀ ವಿಮಾನದ ಕೆಳಗೆ ನಿಂತು ದುಡಿದವರಿಗೆ ಅಂಗೈಯಗಲದ ತುಂಡು ಹಿಡಿದು ಕೂರುವುದು ಹೇಗಿರುತ್ತದೋ. ವಿಮಾನಪುರದಲ್ಲಿ ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರು, ಆಕಾಶದಲ್ಲಿ ಸದ್ದಾದರೆ ಇಂದಿಗೂ ಬಾಲ್ಕನಿಗೆ ಹೋಗಿ ನೋಡುತ್ತಾರೆ. ನಾನು ಕೇಳುವುದಿಲ್ಲ. ಮಗಳು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಈ ಫ್ಲ್ಯಾಟಿನಲ್ಲಿ ಅವಳಿಗೆ ಸ್ವಂತ ರೂಮಿದೆ, ಆದರೆ ಕಿಟಕಿಯಾಚೆ ಹಿಮವಿಲ್ಲ, ಪಕ್ಕದ ಬಿಲ್ಡಿಂಗಿನ ನೀರಿನ ಟ್ಯಾಂಕು ಇದೆ. ನಾನು ಸರಿ ಮಾಡಿದೆನೋ ಇಲ್ಲವೋ ಹೇಳಲಾರೆ. ಗೋಡೆಗೆ ಮಾತ್ರ ಬಂದ ವಾರವೇ ಏಳು ಮೊಳೆ ಹೊಡೆಸಿದೆ.

ಜೂನಿನಲ್ಲಿ ಸ್ಕೂಲು ಶುರುವಾದಾಗ ಸಿಸ್ಟರ್ ಮಗಳ ಹೆಲ್ತ್ ಕಾರ್ಡು ಕಳಿಸಿದರು. ಅವತ್ತು ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ನಾನು ಊಟದ ಮೇಜಿನಲ್ಲಿ ಕೂತು ತುಂಬುತ್ತಿದ್ದೆ. ಕುಟುಂಬದಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂಬ ಸಾಲಿಗೆ ಬಂದಾಗ ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

‘ಪ್ರೈಮರಿ ಕಾಂಪ್ಲೆಕ್ಸ್ ಅಂತ ಬರಿಯೇ. ಕೇಳೋಕೆ ಚೆನ್ನಾಗಿರುತ್ತೆ.’

ಇವರು ಬಾಲ್ಕನಿಯಿಂದಲೇ ಹೇಳಿದರು, ‘ಹೌದು ಅಂತ ಟಿಕ್ ಮಾಡೇ ತಾಯಿ. ಇನ್ನೊಂದು ಸಲ ಕಫ ಕೊಡೋಕೆ ನಿನ್ನ ಕೈಲಾಗಲ್ಲ.’

ಹೌದು ಎಂದು ಗುರುತು ಹಾಕಿದೆ. ಯಾರಿಗೆ ಎಂಬಲ್ಲಿ, ತಾಯಿಗೆ. ಯಾವಾಗ ಎಂಬಲ್ಲಿ, ಆರನೆಯ ವಯಸ್ಸಿನಲ್ಲಿ.

ಅಮ್ಮ ನಿಟ್ಟುಸಿರು ಬಿಟ್ಟಳು. ‘ಹೋಗ್ಲಿ, ಯಾರಿಗೂ ಓದೋಕಾಗದ ಹಾಗೆ ಸೊಟ್ಟಗಾದ್ರೂ ಬರಿ.’

ನನ್ನ ಅಕ್ಷರ ಸೊಟ್ಟಗೆ ಬರುವುದಿಲ್ಲ. ನಾಲ್ಕು ಗೆರೆಯ ಪುಸ್ತಕದಲ್ಲಿ ತಿದ್ದಿಸಿದ ಅಕ್ಷರ ಅದು. ನನ್ನನ್ನು ಆ ಕಾನ್ವೆಂಟಿಗೆ ಹಾಕಿದವಳೂ ಅವಳೇ.